ಹಿತ್ತಿಲ ಬಾಗಿಲ ಬಗ್ಗೆ ಒಂದು ಕಾಗದ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಮುಂಬಾಗಿಲ ಕೆತ್ತನೆಯ ಫೋಟೋ ನೋಡಿದೆ. ಚೆನ್ನಾಗಿದೆ. ಸಾಗುವಾನಿಯೇ ಇರಲಿ, ನನ್ನ ತಕರಾರಿಲ್ಲ. ಆದರೆ ಹಿತ್ತಿಲ ಬಾಗಿಲಿಗೆ "ಯಾವುದೋ ಒಂದು ಫ್ಲಶ್ ಡೋರ್ ಹಾಕಿದರಾಯ್ತು" ಅಂದೆಯಲ್ಲ, ಅದಕ್ಕೇ ಈ ಕಾಗದ. ಫ್ಲಶ್ ಡೋರ್ ಅಂದರೆ ಮರದ ಪದರಗಳನ್ನು ಅಂಟಿಸಿ ಮಾಡಿದ ಚಪ್ಪಟೆ ಬಾಗಿಲು ತಾನೇ.

ನೀನು ಕಟ್ಟಿಸುತ್ತಿರುವ ಮನೆ ಪೂರ್ವಕ್ಕೆ ಮುಖ. ಮುಂದೆ ಜಗಲಿ ಬೇರೆ ಇದೆ. ಮುಂಬಾಗಿಲಿಗೆ ನೀರು ತಾಗುವುದೇ ಅಪರೂಪ. ಮುಂಗಾರು ಬರುವುದು ನೈರುತ್ಯದಿಂದ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ ಕಡೆಯ ಇರಚಲೆಲ್ಲ ಬಡಿಯುವುದು ಹಿತ್ತಿಲ ಬಾಗಿಲಿಗೆ. ಬೆಂಗಳೂರಿನಲ್ಲಿ ಕೂತು ಪ್ಲಾನ್ ನೋಡಿದರೆ ಇದು ಹೊಳೆಯುವುದಿಲ್ಲ.

ಒಳಕೋಣೆಗೆ ಹಾಕುವ ಅಗ್ಗದ ಫ್ಲಶ್ ಡೋರನ್ನು ಅಲ್ಲಿಟ್ಟರೆ ಪುಷ್ಯ ಮಳೆ ಹೊತ್ತಿಗೆ ಕೆಳಗಿನ ಅಂಚು ಉಬ್ಬಿ ಪದರ ಪದರ ಬಿಚ್ಚಿಕೊಳ್ಳುತ್ತದೆ. ಅದೇ ಬೇಕು ಅಂದರೆ ಬಿಡಬ್ಲ್ಯೂಪಿ (ಕುದಿಯುವ ನೀರಿಗೂ ತಡೆಯುವಂಥದ್ದು) ಎಂದು ಅಚ್ಚು ಹಾಕಿದ್ದನ್ನು ತಗೋ, ಅದರ ಅಂಟು ನೀರಿಗೆ ಬಿಡುವುದಿಲ್ಲ. ನನ್ನ ಕೇಳಿದರೆ, ನಿಮ್ಮ ಅಟ್ಟದ ಮೇಲೆ ಒಣಗಿ ಕೂತಿರುವ ಹಲಸಿನ ಹಲಗೆಯೇ ಸಾಕು.

ದಾರಂದ, ಅಂದರೆ ಬಾಗಿಲ ಚೌಕಟ್ಟು, ನಿಲ್ಲಿಸುವ ದಿನ ರಜೆ ಹಾಕಿ ಬಾ. ಗೋಡೆಗೆ ತಾಗುವ ಬೆನ್ನಿಗೆ ಮೊದಲೇ ಎರಡು ಕೋಟ್ ಪ್ರೈಮರ್ ಆಗಿರಲಿ. ನಿಲ್ಲಿಸಿದ ಮೇಲೆ ಅಲ್ಲಿಗೆ ಬ್ರಶ್ ಹೋಗುವುದಿಲ್ಲ, ಗೆದ್ದಲು ಮಾತ್ರ ಹೋಗುತ್ತದೆ. ಒಂದೊಂದು ಪಕ್ಕಕ್ಕೂ ಮೂರು ಹೋಲ್ಡ್‌ಫಾಸ್ಟ್, ಅಂದರೆ ದಾರಂದವನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ, ಹಾಕಿಸು. ಟೇಪನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹಿಡಿ, ಎರಡೂ ಅಳತೆ ಒಂದೇ ಬರಬೇಕು. ಆಮೇಲೆ ತೂಕದ ಗುಂಡನ್ನು ಎದುರಿಗೂ ಬಿಡಿಸು, ಪಕ್ಕಕ್ಕೂ ಬಿಡಿಸು. ಎದುರಿಗೆ ಮಾತ್ರ ನೋಡಿ "ಸರಿಯಿದೆ" ಅನ್ನುವ ಮೇಸ್ತ್ರಿಗಳು ಜಾಸ್ತಿ. ಹಿಂದಕ್ಕೋ ಮುಂದಕ್ಕೋ ವಾಲಿದ್ದರೆ ಬಾಗಿಲು ತಾನಾಗೇ ತೆರೆದುಕೊಳ್ಳುತ್ತದೆ, ಇಲ್ಲವೇ ತಾನಾಗೇ ಮುಚ್ಚಿಕೊಳ್ಳುತ್ತದೆ. ನಡುವೆ ಹೊಡೆದ ಅಡ್ಡಪಟ್ಟಿಯನ್ನು ಸಿಮೆಂಟ್ ಪೂರ್ತಿ ಬಿಗಿಯುವ ತನಕ ಯಾರೂ ಕೀಳಬಾರದು. ಓಡಾಡಲು ತೊಂದರೆ ಅಂತ ಯಾರಾದರೂ ಕಿತ್ತೇ ಕೀಳುತ್ತಾರೆ, ಮೊದಲೇ ಹೇಳಿಡು.

ಇನ್ನು ನೀರಿನ ವಿಷಯ. ಬಾಗಿಲ ಮೇಲೆ ಎರಡು ಅಡಿಯಾದರೂ ಸಜ್ಜಾ ಬೇಕು. ಅದರ ಅಡಿಭಾಗದಲ್ಲಿ, ಹೊರ ಅಂಚಿಗೆ ಹತ್ತಿರ, ಉದ್ದಕ್ಕೂ ಒಂದು ಗೆರೆ ಕೊರೆಸು. ಸಜ್ಜಾದ ನೀರು ಅಂಚಿನಿಂದ ಅಡಿಗೆ ತಿರುಗಿ ಗೋಡೆಗೇ ಬರುತ್ತದೆ. ಗೆರೆ ಇದ್ದರೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಹೊರಗಿನ ಮೆಟ್ಟಿಲು ಒಳನೆಲಕ್ಕಿಂತ ತಗ್ಗಿರಲಿ, ಹಿತ್ತಿಲ ಕಡೆಗೆ ವಾಟ ಇರಲಿ. ಹೊಸ್ತಿಲು ಕಲ್ಲಿನದೇ ಒಳ್ಳೆಯದು.

ಬಾಗಿಲು ಕೂರಿಸುವುದು ಏಪ್ರಿಲ್‌ನಲ್ಲಿ ಅಂದೆ. ಆಗ ಮರ ಒಣಗಿರುತ್ತದೆ, ಆಚಾರಿ ಬಿಗಿಯಾಗಿ ಕೂರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಾನೆ. ಜುಲೈನಲ್ಲಿ ಅದೇ ಬಾಗಿಲು ಒದ್ದರೂ ತೆರೆಯುವುದಿಲ್ಲ. ಮರ ಉಬ್ಬುವುದು ಅಗಲಕ್ಕೆ, ಉದ್ದಕ್ಕೆ ಅಷ್ಟಿಲ್ಲ. ಹಾಗಾಗಿ ಚಿಲಕದ ಕಡೆ ಎರಡು ನಾಣ್ಯ ಜೋಡಿಸಿದಷ್ಟು ಸಂದು ಬಿಡಿಸು. ಮಳೆಗಾಲದಲ್ಲಿ ಕಚ್ಚಿಕೊಂಡಿತು ಅಂತ ಆಗಲೇ ಹತರಿ ಹೊಡೆಸಬೇಡ, ಬೇಸಿಗೆಗೆ ಬೆರಳು ತೂರುವಷ್ಟು ಸಂದಾಗುತ್ತದೆ.

ಬಾಗಿಲ ಅಡಿಯಂಚಿಗೆ ಬಣ್ಣ ಬಳಿಯದೆ ಬಿಡುವುದು ಎಲ್ಲ ಕಡೆ ಇರುವ ಚಾಳಿ. ನೀರು ಹೀರುವುದು ಅಲ್ಲಿಂದಲೇ. ಸಣ್ಣ ಕನ್ನಡಿಯನ್ನು ನೆಲದ ಮೇಲೆ ಸರಿಸಿ ನೋಡು, ಗೊತ್ತಾಗುತ್ತದೆ. ಹಿಂಜಸ್ ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಹಿತ್ತಾಳೆ, ಕನಿಷ್ಠ ಮೂರು. ಸ್ಕ್ರೂಗೆ ತೂತು ಕೊರೆದು ತಿರುಗಿಸಬೇಕು. ಮುಕ್ಕಾಲು ಭಾಗ ಸುತ್ತಿಗೆಯಲ್ಲಿ ಬಡಿದು, ಕೊನೆಗೆ ನೆಪಕ್ಕೆ ಎರಡು ಸುತ್ತು ತಿರುಗಿಸುವುದನ್ನು ಕಂಡರೆ ಸುಮ್ನೆ ಇರಬೇಡ.

ಆಚಾರಿಗೆ ಹಿತ್ತಿಲ ಬಾಗಿಲನ್ನೇ ಮೊದಲು ಮಾಡಲು ಹೇಳು. ಮುಂಬಾಗಿಲಿಗೆ ಮುಹೂರ್ತ ಇದೆ, ಅದು ಹೇಗೂ ಆಗುತ್ತದೆ. ಗೃಹಪ್ರವೇಶದ ಹಿಂದಿನ ರಾತ್ರಿ ಅವಸರದಲ್ಲಿ ಬಡಿಯುವುದು ಯಾವಾಗಲೂ ಹಿಂದಿನದನ್ನೇ.

ಇಂತಿ ನಿನ್ನ
ದೊಡ್ಡಪ್ಪ