ಕರಗುವ ಬಿಂದುವಿಗೆ ಎರಡು ಅಂಕಿ ಬೇಕು

ಮಾನ್ಯ ಸಂಪಾದಕರೇ,

ಪಿಯುಸಿ, ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಗಳಲ್ಲಿ ಬೆಂಜೋಯಿಕ್ ಆಮ್ಲದ ಕರಗುವ ಬಿಂದು ‘122’ ಎಂದು ಬರೆದವರಿಗೆ ಪೂರ್ತಿ ಅಂಕ, ‘119–121’ ಎಂದು ಕಂಡದ್ದನ್ನು ಕಂಡಂತೆ ಬರೆದವರಿಗೆ ಕಡಿತ. ಈ ಪದ್ಧತಿ ಎಷ್ಟೋ ಕಡೆ ಇದೆ, ಅದು ನಿಲ್ಲಬೇಕು. ಮೊದಲ ಹನಿ ಮೂಡಿದಾಗಿನ ಉಷ್ಣತೆ, ಕೊನೆಯ ಹರಳು ಕರಗಿದಾಗಿನ ಉಷ್ಣತೆ ಎರಡನ್ನೂ ಬರೆಯಬೇಕು. ಶುದ್ಧ ವಸ್ತುವಿನಲ್ಲಿ ಇವೆರಡರ ಅಂತರ ಒಂದೆರಡು ಡಿಗ್ರಿ ಮಾತ್ರ. ಕಲಬೆರಕೆಯಾದರೆ ಬಿಂದು ತಗ್ಗುತ್ತದೆ, ಅಂತರ ಹಿಗ್ಗುತ್ತದೆ. ಯೂರಿಯಾ ಮತ್ತು ಸಿನಮಿಕ್ ಆಮ್ಲ ಎರಡೂ 133 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತವೆ. ಬೆರೆಸಿ ಅರೆದರೆ ಅದಕ್ಕಿಂತ ಬಹಳ ಕೆಳಗೇ ಕರಗತೊಡಗುತ್ತವೆ. ಒಂದೇ ಅಂಕಿ ಬರೆಯುವ ಹುಡುಗರಿಗೆ ಇದು ಕಾಣುವುದೇ ಇಲ್ಲ.

ತಪ್ಪು ಹೆಚ್ಚಾಗಿ ಕ್ಯಾಪಿಲರಿ (ಪುಡಿ ತುಂಬುವ ಸಪೂರ ಗಾಜಿನ ನಳಿಕೆ) ತುಂಬುವಾಗಲೇ ಆಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಪುಡಿ ತೇವ ಎಳೆದುಕೊಂಡು ಬೇಗ ಮೆತ್ತಗಾಗುತ್ತದೆ, ತೇವ ಹೀರುವ ಮುಚ್ಚುಪಾತ್ರೆಯಾದ ಡೆಸಿಕೇಟರ್‌ನಲ್ಲಿಟ್ಟು ಒಣಗಿಸಿಯೇ ಅರೆಯಬೇಕು. ಕ್ಯಾಪಿಲರಿಯ ತುದಿಯನ್ನು ಜ್ವಾಲೆಯ ಅಂಚಿನಲ್ಲಿ ತಿರುಗಿಸುತ್ತಾ ಮುಚ್ಚಿ, ಪುಡಿ ತುಂಬಿ, ನಿಲ್ಲಿಸಿ ಹಿಡಿದ ಉದ್ದದ ಗಾಜಿನ ಕೊಳವೆಯೊಳಗಿಂದ ಮೇಜಿನ ಮೇಲೆ ನಾಲ್ಕಾರು ಸಲ ಬೀಳಿಸಿದರೆ ಗಟ್ಟಿಯಾಗಿ ಕೂರುತ್ತದೆ. 2–3 ಮಿಲಿಮೀಟರ್ ಎತ್ತರ ಸಾಕು; ಹೆಚ್ಚು ತುಂಬಿದರೆ ಅಂತರ ಸುಳ್ಳೇ ಹಿಗ್ಗುತ್ತದೆ. ತುದಿ ಸರಿಯಾಗಿ ಮುಚ್ಚಿರದಿದ್ದರೆ ಕಾಯಿಸುವ ಎಣ್ಣೆ ಒಳನುಗ್ಗಿ ಬಿಳಿ ಪುಡಿ ಥಟ್ಟನೆ ಪಾರದರ್ಶಕವಾಗುತ್ತದೆ. ಅದನ್ನೇ ಕರಗಿತೆಂದು ಬರೆದುಬಿಡುತ್ತಾರೆ. ಪುಡಿ ಕುಗ್ಗಿ ಗೋಡೆ ಬಿಡುವುದೂ ಕರಗುವಿಕೆಯಲ್ಲ.

ಪುಡಿ ಥರ್ಮಾಮೀಟರ್ ಬಲ್ಬಿನ ನಡುಮಟ್ಟಕ್ಕೆ ಇರಬೇಕು, ಕ್ಯಾಪಿಲರಿಯನ್ನು ಅದಕ್ಕೆ ಕಟ್ಟಿದ ರಬ್ಬರ್ ಎಣ್ಣೆಯಿಂದ ಮೇಲಿರಬೇಕು, ಕಾರ್ಕ್‌ಗೆ ಗಾಳಿ ಹೋಗಲು ಸೀಳು ಬೇಕು. ಎಣ್ಣೆ ತುಂಬಿದ, ಪಕ್ಕಕ್ಕೆ ಬಾಗಿದ ತೋಳಿರುವ ಗಾಜಿನ ಥೀಲೆ ಟ್ಯೂಬನ್ನು ಆ ತೋಳಿನಲ್ಲಿ ಕಾಯಿಸಿದರೆ ಎಣ್ಣೆ ತಾನೇ ಸುತ್ತುತ್ತದೆ. ನಿರೀಕ್ಷಿತ ಬಿಂದುವಿಗೆ 15 ಡಿಗ್ರಿ ಇರುವಾಗ ಬರ್ನರ್ ತಗ್ಗಿಸಿ, ನಿಮಿಷಕ್ಕೆ 1–2 ಡಿಗ್ರಿಗಿಂತ ಬೇಗ ಏರಗೊಡಬಾರದು. ಮತ್ತೊಮ್ಮೆ ಅಳೆಯಲು ಎಣ್ಣೆ ಆರಬೇಕು, ಹೊಸ ಕ್ಯಾಪಿಲರಿ ಬೇಕು. ಒಂದು ಬ್ಯಾಚಿನ ಹೊತ್ತಿನಲ್ಲಿ ಇದಕ್ಕೆ ಬಿಡುವು ಕೊಡದೆ ನಿಖರತೆ ಕೇಳುವುದು ನ್ಯಾಯವಲ್ಲ.

ಇನ್ನು ಥರ್ಮಾಮೀಟರ್. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಕುದಿನೀರಿನಲ್ಲಿ 100 ತೋರಲಿಲ್ಲವೆಂದು ಒಳ್ಳೆಯ ಥರ್ಮಾಮೀಟರನ್ನು ಕೆಟ್ಟದ್ದೆನ್ನಬೇಡಿ. ಕರಗುವ ಬಿಂದುವಿನ ಮೇಲೆ ಗಾಳಿಯ ಒತ್ತಡದ ಪ್ರಭಾವ ಲೆಕ್ಕಕ್ಕೇ ಬರುವಷ್ಟಿಲ್ಲ. ಆದ್ದರಿಂದ ಕರಗುವ ಮಂಜುಗಡ್ಡೆ (0), ಶುದ್ಧ ಅಸಿಟನಿಲೈಡ್ (114), ಬೆಂಜೋಯಿಕ್ ಆಮ್ಲ (122) ಇವುಗಳಲ್ಲಿ ಪರೀಕ್ಷಿಸಿ, ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಅದರ ಪೆಟ್ಟಿಗೆಗೇ ಅಂಟಿಸಲಿ.

ಕಾಫಿ ನಾಡಿನ ಕಾಲೇಜುಗಳಲ್ಲಿ ಕೆಫೀನ್ ಬೇರ್ಪಡಿಸಿ ಅದರ ಬಿಂದು ಅಳೆಯುವ ಆಸೆ ಸಹಜ, ಮಾಡಿಸಲೂ ಬೇಕು. ಆದರೆ ಅದು ಕರಗುವುದು ಸುಮಾರು 236 ಡಿಗ್ರಿಗೆ. ಅಷ್ಟಕ್ಕೆ ಕಾಯಿಸುವ ಎಣ್ಣೆಯಾದ ಲಿಕ್ವಿಡ್ ಪ್ಯಾರಾಫಿನ್ ಹೊಗೆಯಾಡುತ್ತದೆ, 110 ಡಿಗ್ರಿಯ ಥರ್ಮಾಮೀಟರ್ ಒಡೆಯುತ್ತದೆ. 360 ಡಿಗ್ರಿಯ ಥರ್ಮಾಮೀಟರ್ ಇರುವ ವಿದ್ಯುತ್ತಿನಿಂದ ಕಾಯುವ ಲೋಹದ ಬ್ಲಾಕ್ ಬಳಸಿ. ಕೆಫೀನ್ ಕರಗುವ ಮೊದಲೇ ಆವಿಯಾಗಿ ಮೇಲೇರಿ ತಣ್ಣನೆಯ ಗೋಡೆಗೆ ಹತ್ತುವುದರಿಂದ ಕ್ಯಾಪಿಲರಿಯ ಎರಡೂ ತುದಿಗಳನ್ನು ಮುಚ್ಚಬೇಕು, ಇಲ್ಲದಿದ್ದರೆ ನೋಡಲು ತಳದಲ್ಲಿ ಪುಡಿಯೇ ಉಳಿದಿರುವುದಿಲ್ಲ.

— ರಸಾಯನಶಾಸ್ತ್ರ ಬೋಧಕರು, ಚಿಕ್ಕಮಗಳೂರು