ಮನೆಯ ಮಾಡು ರಿಪೇರಿಗೆ ಲಿಖಿತ ಅನುಮತಿ ಕೊಡಿಸಿ: ಶಾಸಕರಿಗೆ ಶರಾವತಿ ಮುಳುಗಡೆ ಸಂತ್ರಸ್ತನ ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಗದ್ದೆ, ತೋಟ, ಮನೆ ಎಲ್ಲವನ್ನೂ ಬಿಟ್ಟು ಎದ್ದುಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ಸರ್ಕಾರವೇ ತೋರಿಸಿದ ಕಾಡಿನ ಅಂಚಿನ ಜಾಗದಲ್ಲಿ, ಮುಳುಗಲಿದ್ದ ಮನೆಯಿಂದ ಕಳಚಿ ತಂದ ಮರಮುಟ್ಟು ಮತ್ತು ಹೆಂಚುಗಳನ್ನೇ ಬಳಸಿ ನನ್ನ ಅಜ್ಜ ಕಟ್ಟಿದ ಮಣ್ಣಿನ ಗೋಡೆಯ ಮನೆಯಲ್ಲಿ ನಾವು ಇಂದಿಗೂ ವಾಸವಾಗಿದ್ದೇವೆ. ಆ ಮನೆಯ ಮಾಡು ಈಗ ಎಲ್ಲ ಕಡೆಯೂ ಸೋರುತ್ತಿದೆ. ಅದನ್ನು ನಮ್ಮದೇ ಖರ್ಚಿನಲ್ಲಿ ಸರಿಪಡಿಸಿಕೊಳ್ಳಲು ನಮಗೆ ಲಿಖಿತ ಅನುಮತಿ ಕೊಡಿಸಬೇಕೆಂದು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಇದೇ ಮಾತನ್ನು ಅರ್ಜಿಗಳಲ್ಲಿ ಬರೆದು, ಜನಸ್ಪಂದನ ಸಭೆಗಳಲ್ಲಿ ನಿಂತು ಹೇಳಿ ಸಾಕಾಗಿರುವುದರಿಂದ ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ.

ಕಳೆದ ಏಪ್ರಿಲ್‌ನಲ್ಲಿ ನಡೆದದ್ದನ್ನು ತಮಗೆ ತಿಳಿಸಲೇಬೇಕು. ಹಕ್ಕುಪತ್ರವಿಲ್ಲದ ನಮಗೆ ಸೊಸೈಟಿಯಲ್ಲಿ ಸಾಲ ಹುಟ್ಟುವುದಿಲ್ಲವಾದ್ದರಿಂದ ನನ್ನ ಹೆಂಡತಿ ತನ್ನ ಸ್ವಸಹಾಯ ಸಂಘದಿಂದ ಸಾಲ ತೆಗೆದು ಪಕಾಸಿ (ಮಾಡಿನ ಇಳಿಜಾರು ತೊಲೆ), ರೀಪು (ಹೆಂಚು ಕೂರುವ ಮರದ ಪಟ್ಟಿ) ಮತ್ತು ಹೊಸ ಹೆಂಚು ತರಿಸಿದ್ದಳು. ಬೆಳಿಗ್ಗೆ ಆಳುಗಳು ಬಂದು ಅಡುಗೆ ಮನೆಯ ಮೇಲಿನ ಹೆಂಚು ಇಳಿಸಿ, ಒರಲೆ ತಿಂದ ರೀಪುಗಳನ್ನು ಕಿತ್ತುಹಾಕಿದ ಹೊತ್ತಿಗೆ ಸಂಬಂಧಪಟ್ಟ ಇಲಾಖೆಯ ಸಿಬ್ಬಂದಿ ಜೀಪಿನಲ್ಲಿ ಬಂದಿಳಿದರು. ಅರಣ್ಯ ಜಾಗದಲ್ಲಿ ಹೊಸ ಕಾಮಗಾರಿ ಮಾಡುವಂತಿಲ್ಲ, ಕೆಲಸ ಮುಂದುವರಿಸಿದರೆ ಮನೆಯವರ ಮೇಲೂ ಆಳುಗಳ ಮೇಲೂ ಕೇಸು ಹಾಕುತ್ತೇವೆ ಎಂದರು. ಕೂಲಿಗೆ ಬಂದ ಬಡವರು ಹೆದರಿ ಹೊರಟುಹೋದರು. ಹಾಸಿಗೆ ಹಿಡಿದಿರುವ ನನ್ನ ತಾಯಿಯನ್ನು ತೋರಿಸಿ, ಇದ್ದ ಗೋಡೆಯ ಮೇಲೆ ಇದ್ದ ಅಳತೆಯಲ್ಲೇ ಮಾಡು ಹೊದಿಸುತ್ತಿದ್ದೇವೆ ಸ್ವಾಮಿ ಎಂದು ಕೈಮುಗಿದು ಕೇಳಿಕೊಂಡಾಗ ಅವರಲ್ಲೊಬ್ಬರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಒಳಗಿನಿಂದ ಏನು ಬೇಕಾದರೂ ಮಾಡಿಕೊಳ್ಳಿ, ಮೇಲೆ ಕೈ ಹಾಕಬೇಡಿ." ಅಂದು ಸಂಜೆಯೇ ಗುಡುಗು ಸಹಿತ ಅಡ್ಡಮಳೆ ಬಂತು. ಮಾಡು ಇಲ್ಲದ ಅಡುಗೆ ಮನೆಯಲ್ಲಿ ಒಲೆ ನೀರಾಯಿತು, ವರ್ಷದ ಅಕ್ಕಿ ಮುಡಿ ನೆನೆಯಿತು. ಟಾರ್ಪಾಲು ಹಿಡಿದು ನಿಂತ ನನ್ನ ಮಗಳು ಅಳುತ್ತಿದ್ದಳು. ಇದಕ್ಕೆ ಯಾರು ಹೊಣೆ ಎಂದು ತಾವೇ ಹೇಳಬೇಕು.

ಸೋರುವ ಮಾಡಿಗೆ ಒಳಗಿನಿಂದ ಏನು ಮಾಡಬಹುದು ಎಂಬುದನ್ನು ಹೇಳುತ್ತೇನೆ, ಏಕೆಂದರೆ ಪ್ರತಿ ಮಳೆಗಾಲ ನಾವು ಮಾಡುತ್ತಿರುವುದು ಅದನ್ನೇ. ಹಗಲು ಅಟ್ಟ ಹತ್ತಿ, ಕತ್ತಲಲ್ಲಿ ಕುಳಿತು ಮೇಲೆ ನೋಡಿದರೆ ಹೆಂಚು ಒಡೆದ ಕಡೆ ಬೆಳಕಿನ ಚುಕ್ಕಿ ಕಾಣುತ್ತದೆ. ನೀರು ಒಡೆದ ಜಾಗದಲ್ಲೇ ಬೀಳುವುದಿಲ್ಲ. ಹೆಂಚಿನ ಅಡಿಮೈ ಹಿಡಿದು, ರೀಪಿನ ಮೇಲೆ ಹರಿದು, ಮಾರು ದೂರದಲ್ಲಿ ತೊಟ್ಟಿಕ್ಕುತ್ತದೆ. ಚುಕ್ಕಿ ಸಿಕ್ಕಿದ ಮೇಲೆ ಬಿದಿರು ಕೋಲಿನಿಂದ ಮೇಲಿನ ಹೆಂಚನ್ನು ಮೆಲ್ಲಗೆ ಎತ್ತಿ, ಅಡಿಕೆ ಹಾಳೆಯ ತುಂಡನ್ನು ಸಂದಿಯಲ್ಲಿ ತೂರಿಸಬೇಕು. ಹಾಳೆಯ ಮೇಲ್ತುದಿ ರೀಪಿನ ಮೇಲೆ ಕೂರಬೇಕು, ಕೆಳತುದಿ ಕೆಳಗಿನ ಹೆಂಚಿನ ಬೆನ್ನಿನ ಮೇಲೆ ಬರಬೇಕು. ಎರಡು ಬೆರಳು ಗಿಡ್ಡವಾದರೂ ನೀರು ಸೀದಾ ಗೋಡೆಯ ತಲೆಗೆ ಇಳಿಯುತ್ತದೆ. ಒರಲೆ ಹಿಡಿದ ರೀಪು ಕೋಲು ತಾಗಿದರೆ ಮುರಿಯುತ್ತದೆ, ಆಗ ಒಂದು ಹೆಂಚಿನ ಬದಲು ಇಡೀ ಸಾಲು ಜಾರುತ್ತದೆ. ಪೇಟೆಯಿಂದ ತಂದ ಅಂಟನ್ನೂ ಹಚ್ಚಿ ನೋಡಿದ್ದೇವೆ. ಹಸಿ ಹೆಂಚಿಗೆ ಅದು ಹಿಡಿಯುವುದಿಲ್ಲ. ಹಾಳೆಯಾದರೋ ಒಂದು ಮಳೆಗಾಲಕ್ಕೆ ಕೊಳೆತು ಹೋಗುತ್ತದೆ. ಮಂಗಗಳ ಹಿಂಡು ಒಮ್ಮೆ ಮನೆಯ ಮೇಲೆ ಹಾದುಹೋದರೆ ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ ಆಗಬೇಕು. ಆರಿದ್ರಾ ಮಳೆ ಹಿಡಿದ ಮೇಲಂತೂ ಅಟ್ಟ ಹತ್ತುವುದಕ್ಕೂ ಆಗುವುದಿಲ್ಲ. ಬಕೆಟ್ಟು, ಪಾತ್ರೆ, ಹಂಡೆಗಳನ್ನು ಸೋರುವ ಕಡೆಗಳಲ್ಲಿಟ್ಟು, ತಾಯಿಯ ಮಂಚವನ್ನು ರಾತ್ರಿಯಿಡೀ ಅತ್ತಿಂದಿತ್ತ ಸರಿಸುತ್ತಿರಬೇಕು. ಮಣ್ಣಿನ ಗೋಡೆಗೆ ಮಾಡೇ ರಕ್ಷಣೆ. ಗೋಡೆಯ ತಲೆ ನೆಂದು, ಜಂತಿ ಕೂತಿರುವ ಜಾಗ ಸಡಿಲವಾದರೆ ಮನೆ ಬೀಳುತ್ತದೆ. ಉತ್ತರದ ಗೋಡೆ ಈಗಾಗಲೇ ಹೊಟ್ಟೆ ಬಿಟ್ಟಿದೆ. ಆ ಗೋಡೆಯ ಪಕ್ಕದ ಕೋಣೆಯಲ್ಲಿ ನನ್ನ ಮಕ್ಕಳು ಮಲಗುತ್ತಾರೆ.

ಕಾನೂನು ತಮಗೆ ತಿಳಿಯದ್ದಲ್ಲ. ಅಣೆಕಟ್ಟೆ ಪೂರ್ಣಗೊಂಡದ್ದು 1964ರಲ್ಲಿ. ಅರಣ್ಯ ಭೂಮಿಯನ್ನು ಬಿಡುಗಡೆ ಮಾಡಲು ಕೇಂದ್ರದ ಒಪ್ಪಿಗೆ ಬೇಕೆಂದು ಹೇಳುವ ಅರಣ್ಯ ಸಂರಕ್ಷಣಾ ಕಾಯ್ದೆ ಬಂದದ್ದು 1980ರಲ್ಲಿ. ನಡುವೆ ಹದಿನಾರು ವರ್ಷ, ನಮಗೆ ತೋರಿಸಿದ ಜಾಗವನ್ನು ಅರಣ್ಯದಿಂದ ಬಿಡಿಸಿ ಹಕ್ಕುಪತ್ರ ಕೊಡುವ ಕೆಲಸವನ್ನು ಪೂರ್ತಿ ಮಾಡದೆ ಬಿಟ್ಟವರು ಯಾರು? ಆಮೇಲೆ ಮಾಡಿದ ಡಿನೋಟಿಫಿಕೇಷನ್‌ಗಳಿಗೆ (ಜಾಗವನ್ನು ಅರಣ್ಯದಿಂದ ಕೈಬಿಡುವ ಅಧಿಸೂಚನೆಗಳಿಗೆ) ಕೇಂದ್ರದ ಒಪ್ಪಿಗೆ ಪಡೆದಿರಲಿಲ್ಲವಾಗಿ, 2021ರಲ್ಲಿ ಹೈಕೋರ್ಟಿನ ತೀರ್ಪಿನ ನಂತರ ಅವೂ ರದ್ದಾದವು. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗಳನ್ನು ಸಕ್ರಮಗೊಳಿಸುವ, ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಅರ್ಜಿ ಹಾಕೋಣವೆಂದರೆ ಅದು ಅರಣ್ಯ ಜಾಗಕ್ಕೆ ಅನ್ವಯಿಸುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕೇಳೋಣವೆಂದರೆ, ಪರಿಶಿಷ್ಟ ಪಂಗಡದವರಲ್ಲದ ನಮ್ಮಂಥವರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷಗಳ ವಾಸಕ್ಕೆ ದಾಖಲೆ ಒದಗಿಸಬೇಕು. ಅಷ್ಟು ಹಿಂದೆ ನಮ್ಮವರು ಇದ್ದದ್ದು ಈಗ ನೀರಿನಡಿ ಇರುವ ಊರಿನಲ್ಲಿ. ಅಲ್ಲಿಂದ ಎಬ್ಬಿಸಿ ಇಲ್ಲಿಗೆ ಕಳುಹಿಸಿದ ಸರ್ಕಾರವೇ ಇಲ್ಲಿ 75 ವರ್ಷ ಇದ್ದದ್ದಕ್ಕೆ ಪುರಾವೆ ಕೊಡಿ ಎಂದು ಕೇಳಿದರೆ ನಾವು ಎಲ್ಲಿಂದ ತರೋಣ? ಹಕ್ಕುಪತ್ರವಿಲ್ಲದೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ಇಲ್ಲ, ಅದಿಲ್ಲದೆ ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರಿಲ್ಲ. ಮತದಾರರ ಪಟ್ಟಿಯಲ್ಲಿ ಮಾತ್ರ ಇದೇ ಮನೆಯ ವಿಳಾಸದಲ್ಲಿ ನಮ್ಮೆಲ್ಲರ ಹೆಸರಿದೆ, ಕರೆಂಟು ಬಿಲ್ಲೂ ಇದೇ ಮನೆಗೆ ಬರುತ್ತದೆ.

ಹಕ್ಕುಪತ್ರದ ಪ್ರಶ್ನೆ ದೆಹಲಿ, ಬೆಂಗಳೂರು, ನ್ಯಾಯಾಲಯಗಳ ನಡುವೆ ಇತ್ಯರ್ಥವಾಗಬೇಕು ಎಂಬುದನ್ನು ಬಲ್ಲೆ. ಅದನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಅದು ಬಗೆಹರಿಯುವವರೆಗೆ ಮಳೆ ಕಾಯುವುದಿಲ್ಲ. ಆರು ದಶಕಗಳಿಂದ ಇರುವ ಮನೆಯ ಕೊಳೆತ ಪಕಾಸಿಯನ್ನು ಬದಲಾಯಿಸಿದರೆ ಒಂದು ಗೇಣು ಕಾಡೂ ಹೆಚ್ಚುವರಿಯಾಗಿ ನಮ್ಮದಾಗುವುದಿಲ್ಲ, ಒಂದು ಮರವೂ ಬೀಳುವುದಿಲ್ಲ. ಮರಮುಟ್ಟನ್ನು ಬಿಲ್ಲು ಸಮೇತ ಪೇಟೆಯಿಂದ ತಂದಿದ್ದೇವೆ. ಇದು ಹೊಸ ಕಾಮಗಾರಿ ಹೇಗಾಗುತ್ತದೆ ಎಂದು ಬರಹದಲ್ಲಿ ಕೇಳಿದರೆ ಯಾವ ಅಧಿಕಾರಿಯೂ ಬರಹದಲ್ಲಿ ಉತ್ತರ ಕೊಟ್ಟಿಲ್ಲ. ಬಾಯಿಮಾತಿನಲ್ಲಿ ನಿಲ್ಲಿಸುವವರಿಗೆ ಕಾಗದದ ಮೇಲೆ ಸಹಿ ಹಾಕುವ ಧೈರ್ಯ ಇಲ್ಲ ಎಂದೇ ನಾನು ತಿಳಿದಿದ್ದೇನೆ. ಈ ಮಾತು ಕಟುವಾಯಿತೆಂದು ತಮಗೆ ಅನ್ನಿಸಿದರೆ, ಆಷಾಢದ ಒಂದು ರಾತ್ರಿ ನಮ್ಮ ಮನೆಯಲ್ಲಿ ಉಳಿದು ನೋಡಬೇಕೆಂದು ವಿನಂತಿಸುತ್ತೇನೆ.

ಜಲಾಶಯ ತುಂಬಿ ಗರಿಷ್ಠ ಮಟ್ಟವಾದ 1,819 ಅಡಿ ಮುಟ್ಟಿದ ವರ್ಷ ನಾಡೆಲ್ಲ ಸಂತೋಷಪಡುತ್ತದೆ. ಆ ನೀರಿನಿಂದ ರಾಜ್ಯಕ್ಕೆ ಬೆಳಕು ಬರಲಿ ಎಂದೇ ನಮ್ಮ ಅಜ್ಜಂದಿರು ಜಾಗ ಬಿಟ್ಟುಕೊಟ್ಟರು. ಅದನ್ನು ನಾವು ಈಗ ಹಿಂದಕ್ಕೆ ಕೇಳುತ್ತಿಲ್ಲ. ಮನೆಗೆ ಅನುದಾನವನ್ನೂ ಇವತ್ತು ಕೇಳುತ್ತಿಲ್ಲ. ಮಾಡು ಸರಿಪಡಿಸಿಕೊಳ್ಳಲು ಬಿಡಿ ಎಂದು ಮಾತ್ರ ಕೇಳುತ್ತಿದ್ದೇವೆ.

ಮುಳುಗಡೆ ಸಂತ್ರಸ್ತರು ಈಗಾಗಲೇ ವಾಸವಿರುವ ಮನೆಗಳ ಮಾಡು ಮತ್ತು ಗೋಡೆಯನ್ನು ಇದ್ದ ಅಳತೆಯಲ್ಲೇ ರಿಪೇರಿ ಮಾಡಿಕೊಳ್ಳಲು ಅಡ್ಡಿಪಡಿಸಬಾರದೆಂದು ಜಿಲ್ಲಾಧಿಕಾರಿಗಳೂ ಅರಣ್ಯ ಅಧಿಕಾರಿಗಳೂ ಕೂಡಿ ಲಿಖಿತ ಆದೇಶ ಹೊರಡಿಸುವಂತೆ ತಾವು ಮಾಡಬೇಕು. ಅನುಮತಿ ಕೊಡಲು ಸಾಧ್ಯವಿಲ್ಲ ಎಂದಾದರೆ, ಯಾವ ಕಾಯ್ದೆಯ ಯಾವ ಕಲಮಿನ ಪ್ರಕಾರ ಸಾಧ್ಯವಿಲ್ಲ ಎಂಬುದನ್ನಾದರೂ ಬರಹದಲ್ಲಿ ಕೊಡಿಸಬೇಕು. ಅದನ್ನು ಹಿಡಿದು ಮುಂದೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತೇವೆ. ತಂದ ಹೆಂಚು ಮತ್ತು ರೀಪು ಹಲಸಿನ ಮರದ ಕೆಳಗೆ ಟಾರ್ಪಾಲು ಹೊದ್ದು ಬಿದ್ದಿವೆ, ಸಂಘದ ಕಂತನ್ನು ವಾರ ವಾರ ಕಟ್ಟುತ್ತಿದ್ದೇವೆ. ಹೆಂಚು ಇಳಿಸಿ ಏರಿಸುವ ಕೆಲಸ ಮೃಗಶಿರಾ ಮಳೆಗೆ ಮೊದಲೇ ಮುಗಿಯಬೇಕಾದ್ದರಿಂದ, ಆದೇಶ ಮೇ ಮೊದಲ ವಾರದೊಳಗೆ ನಮ್ಮ ಕೈಸೇರುವಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶರಾವತಿ ಮುಳುಗಡೆ ಸಂತ್ರಸ್ತ ಕುಟುಂಬದ ಒಬ್ಬ ರೈತ
ಶಿವಮೊಗ್ಗ ಜಿಲ್ಲೆ