ಖಾರ ಬೀಜದಲ್ಲಿಲ್ಲ ಕಣೋ

ಪ್ರಿಯ ಗೆಳೆಯ,

ನಿನ್ನ ಕಾಗದ ಓದಿ ನಗು ಬಂತು. 'ಆರು ಮೆಣಸಿನಕಾಯಿ ಹಾಕಿದರೂ ನಾಲಿಗೆ ಚುರ್ ಅನ್ನುವುದಿಲ್ಲ, ಒಳ್ಳೆ ಖಾರದ ಕಾಯಿ ಎಲ್ಲಿ ಸಿಗುತ್ತೆ' ಅಂತ ಕೇಳಿದ್ದೀಯ. ಎರಡು ವರ್ಷ ನನ್ನದೂ ಇದೇ ಗೋಳು. ಕೊನೆಗೆ ಹುಡುಕುವುದು ಬಿಟ್ಟು ಕುಂಡದಲ್ಲಿ ಬೆಳೆಯಲು ಶುರುಮಾಡಿದೆ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಖಾರ ಅಳೆಯುವುದಕ್ಕೆ ಸ್ಕೊವಿಲ್ ಅಂತ ಒಂದು ಲೆಕ್ಕ ಇದೆ. ವಿಲ್ಬರ್ ಸ್ಕೊವಿಲ್ ಎಂಬ ಅಮೆರಿಕದ ಔಷಧ ತಜ್ಞ 1912ರಲ್ಲಿ ಮಾಡಿದ್ದು. ಮೆಣಸಿನಕಾಯಿಯ ಸಾರಕ್ಕೆ ಸಕ್ಕರೆ ನೀರು ಬೆರೆಸುತ್ತಾ ಹೋಗುವುದು, ರುಚಿ ನೋಡುವವರ ನಾಲಿಗೆಗೆ ಖಾರ ತಿಳಿಯದಷ್ಟು ತೆಳುವಾಗುವವರೆಗೆ. ಎಷ್ಟು ಪಟ್ಟು ಬೆರೆಸಬೇಕಾಯಿತೋ ಅದೇ ಅಂಕ. ಈಗ ಯಂತ್ರ ಅಳೆಯುತ್ತದೆ, ಆ ನಾಲಿಗೆಗಳು ಬದುಕಿಕೊಂಡವು. ಹಲಪೆನೊ ಅನ್ನುವ ಮೆಣಸಿನಕಾಯಿ 2,500ರಿಂದ 8,000. ಹಬನೆರೊ ಒಂದು ಲಕ್ಷ ದಾಟುತ್ತದೆ. ನಮ್ಮ ಈಶಾನ್ಯ ರಾಜ್ಯಗಳ ಭೂತ್ ಜೊಲೊಕಿಯಾ ಹತ್ತು ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ದಾಖಲೆ ಸೇರಿತು. 2023ರಲ್ಲಿ ಪೆಪ್ಪರ್ ಎಕ್ಸ್ ಅನ್ನುವ ತಳಿ ಸರಾಸರಿ 26,93,000ಕ್ಕೆ ಹೋಗಿ ಕೂತಿತು.

ಈ ಅಂಕಗಳ ಹುಚ್ಚು ಹತ್ತಿ ಆನ್‌ಲೈನಲ್ಲಿ ಭೂತ್ ಜೊಲೊಕಿಯಾ ಬೀಜ ತರಿಸಿದೆ. ನಾಲ್ಕು ತಿಂಗಳು ಮಗುವಿನ ಹಾಗೆ ಸಾಕಿದ ಮೇಲೆ ಗಿಡ ಬಿಟ್ಟಿದ್ದು ಏನು ಗೊತ್ತಾ? ದೊಣ್ಣೆ ಮೆಣಸಿನಕಾಯಿ! ಮಾರಿದವನಿಗೆ ಬರೆದೆ, ಉತ್ತರವೇ ಇಲ್ಲ. ಮಾರನೇ ವರ್ಷ ಬೇರೆ ಕಡೆಯಿಂದ ತರಿಸಿದ್ದು ಅಸಲಿ. ಗಿಡದ ತುಂಬ ಕೆಂಪು ಕಾಯಿ. ಅರ್ಧ ಕಾಯಿ ಹಾಕಿದ ಅಡುಗೆ ಯಾರೂ ಮುಟ್ಟಲಿಲ್ಲ. ವರ್ಷಕ್ಕೆ ಹತ್ತು ಕಾಯಿ ಖರ್ಚಾದರೆ ಹೆಚ್ಚು. ನೋಡೋಕೆ ಚೆಂದ, ಅಷ್ಟೇ.

ಮನೆ ಅಡುಗೆಗೆ ನನ್ನ ಮಾತು ಕೇಳು, ಸೂಜಿ ಮೆಣಸು ಹಾಕು. ಕಿರುಬೆರಳಿಗಿಂತ ಸಣ್ಣ ಕಾಯಿ, ಐವತ್ತು ಸಾವಿರದಿಂದ ಒಂದು ಲಕ್ಷದ ಖಾರ. ಎರಡು ಹಾಕಿದರೆ ಸಾಕು, ಒಂದು ಹಾಕಿದರೆ ಹಿತ. ಬೀಜ ಕೊಳ್ಳಲೇಬೇಕು ಅಂತಿಲ್ಲ. ತಿಂದು ನೋಡಿ ಖಾರ ಮೆಚ್ಚಿದ ಕಾಯಿಯದ್ದೇ ಬೀಜ ಇಟ್ಟುಕೊ. ಆದರೆ ಅದು ಗಿಡದಲ್ಲೇ ಪೂರ್ತಿ ಕೆಂಪಾಗಿರಬೇಕು. ಎಳೆ ಹಸಿರು ಕಾಯಿಯ ಬೀಜ ಮೊಳೆಯುವುದಿಲ್ಲ. ಹೈಬ್ರಿಡ್ ಕಾಯಿಯಾದರೆ ಮಕ್ಕಳು ತಾಯಿಯ ಹಾಗೇ ಇರುತ್ತವೆ ಅನ್ನೋ ಭರವಸೆ ಇಲ್ಲ.

ಬೀಜ ತೆಗೆಯುವಾಗ ಒಂದು ನೋಡು. ಕಾಯಿಯನ್ನು ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿ. ನಡುವೆ ಒಂದು ಬಿಳಿ ತಿರುಳಿದೆ, ತೊಟ್ಟಿನ ಹತ್ತಿರ ದಪ್ಪ, ತುದಿಗೆ ಬರುತ್ತಾ ತೆಳು. ಬೀಜಗಳೆಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. ಒಳ್ಳೆ ಖಾರದ ಕಾಯಿಯಾದರೆ ಆ ತಿರುಳಿನ ಮೇಲೆ ಸಣ್ಣ ಹಳದಿ ಹನಿಗಳು ಮಿನುಗುತ್ತವೆ. ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನುವ ವಸ್ತು ತಯಾರಾಗುವುದು ಅಲ್ಲೇ. ಬೀಜಕ್ಕೆ ಖಾರ ಬಂದಿದ್ದು ಬರೀ ಸಹವಾಸದಿಂದ! ತುದಿಯ ಚೂರನ್ನೂ ತೊಟ್ಟಿನ ಕಡೆಯ ಚೂರನ್ನೂ ಬೇರೆ ಬೇರೆ ನಾಲಿಗೆಗೆ ಇಟ್ಟು ನೋಡು, ಒಂದೇ ಕಾಯಿ ಅಂತ ನಂಬಿಕೆ ಬರುವುದಿಲ್ಲ. ಖಾರ ಕಡಿಮೆ ಬೇಕಾದ ದಿನ ಆ ತಿರುಳು ಕೆರೆದು ಹಾಕಿದರಾಯಿತು.

ಆಮೇಲೆ ಕಣ್ಣು ಮುಟ್ಟಬೇಡ. ನಾನು ಮುಟ್ಟಿದೆ, ಅರ್ಧ ದಿನ ಅತ್ತೆ. ಈ ಖಾರ ನೀರಿಗೆ ಕರಗುವ ವಸ್ತುವಲ್ಲ, ಎಣ್ಣೆಗೆ ಕರಗುತ್ತದೆ. ಅದಕ್ಕೇ ಮೊದಲು ಕೈಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ ತೊಳೆಯಬೇಕು. ಬಾಯಿ ಉರಿದರೂ ನೀರು ಕುಡಿದು ಲಾಭವಿಲ್ಲ, ಹಾಲು ಕುಡಿ.

ಬೀಜ ನೆರಳಲ್ಲಿ ಒಣಗಿಸಿ, ಮಣ್ಣಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕು. 25ರಿಂದ 30 ಡಿಗ್ರಿ ಬೆಚ್ಚಗಿರಬೇಕು. ಸೂಜಿ ಮೆಣಸು ಸ್ವಲ್ಪ ಸೋಮಾರಿ, ಮೊಳೆಯಲು ಮೂರು ವಾರವಾದರೂ ಕಾಯುತ್ತಿರು. ಮೊಳೆತ ಮೇಲೆ ನಿನ್ನ ಅತಿ ಪ್ರೀತಿಯದ್ದೇ ನನಗೆ ಭಯ. ದಿನಾ ನೀರು ಸುರಿದರೆ ಸಸಿಯ ಬುಡ ನೂಲಿನ ಹಾಗೆ ಸಣ್ಣಗಾಗಿ, ಬೆಳಗಾಗುವಷ್ಟರಲ್ಲಿ ಒರಗಿ ಬಿದ್ದಿರುತ್ತದೆ. ಬೆರಳಿಟ್ಟು ನೋಡು, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಆರೇಳು ಎಲೆ ಬಂದ ಮೇಲೆ ಹನ್ನೆರಡು ಇಂಚಿನ ಕುಂಡಕ್ಕೆ ಬದಲಾಯಿಸು. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು.

ಗಿಡ ಹಸಿರಾಗಿ ಸೊಂಪಾಗಿದೆ, ಹೂವೇ ಇಲ್ಲ ಅಂದರೆ ಯೂರಿಯಾದಂಥ ಸಾರಜನಕದ ಗೊಬ್ಬರ ಜಾಸ್ತಿಯಾಗಿದೆ ಅಂತ. ಹೂ ಬಿಟ್ಟು ಉದುರಿದರೆ ಸೆಕೆ ನೋಡು. 35 ಡಿಗ್ರಿ ದಾಟಿದರೆ ಹೂ ನಿಲ್ಲುವುದು ಕಷ್ಟ. ಸುಮ್ನೆ ಸ್ವಲ್ಪ ನೆರಳು ಕೊಟ್ಟು ಬಿಡು, ತಂಪಾದಾಗ ಮತ್ತೆ ಕಾಯಿ ಕಚ್ಚುತ್ತದೆ.

ಮುಟುರು ರೋಗ ಒಂದು ದಿನ ಬಂದೇ ಬರುತ್ತದೆ. ಎಲೆ ದೋಣಿಯ ಹಾಗೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಅನ್ನುವ ಸಣ್ಣ ಹುಳ, ಕೊಡೆಯ ಹಾಗೆ ಕೆಳಕ್ಕೆ ಬಾಗಿದರೆ ಮೈಟ್ ನುಸಿ. ಎಲೆ ಮಗುಚಿ ಭೂತಗನ್ನಡಿ ಹಿಡಿದರೆ ಥ್ರಿಪ್ಸ್ ಓಡಾಡುವುದು ಕಾಣುತ್ತದೆ. ಬೇವಿನ ಎಣ್ಣೆಗೆ ಚೂರು ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸು. ಬೇಗ ಕಂಡುಹಿಡಿದರೆ ಗಿಡ ಉಳಿಯುತ್ತದೆ.

ಕೆಂಪಾದ ಕಾಯಿಯನ್ನು ಹಕ್ಕಿಗಳು ನುಂಗುತ್ತವೆ, ಬಯ್ಯಬೇಡ. ಅವಕ್ಕೆ ಈ ಖಾರ ತಟ್ಟುವುದೇ ಇಲ್ಲ. ನಮ್ಮ ಹಾಗೆ ಬೀಜ ಅಗಿದು ಹಾಳು ಮಾಡುವುದೂ ಇಲ್ಲ, ನುಂಗಿ ಇನ್ನೆಲ್ಲೋ ಹಾಕುತ್ತವೆ. ಕಾಡು ಮೆಣಸಿನಕಾಯಿ ಹರಡಿದ್ದೇ ಹಾಗೆ. ನಿನ್ನ ಪಾಲು ಮಾತ್ರ ಹಕ್ಕಿಗಿಂತ ಮೊದಲು ಕಿತ್ತುಕೊ. ಕಿತ್ತಷ್ಟೂ ಗಿಡ ಮತ್ತೆ ಬಿಡುತ್ತದೆ. ಒಂದೇ ವರ್ಷಕ್ಕೆ ಕಿತ್ತೆಸೆಯಬೇಡ, ಕೊಂಬೆ ಸವರಿ ಬಿಟ್ಟರೆ ಎರಡು ಮೂರು ವರ್ಷ ಬದುಕುತ್ತದೆ.

ಇದರ ಜೊತೆ ಕಾಗದದ ಪೊಟ್ಟಣ ಇಟ್ಟಿದ್ದೇನೆ. ಇಪ್ಪತ್ತು ಬೀಜ ಇವೆ, ನನ್ನ ಗಿಡದ್ದೇ. ಎಲ್ಲ ಒಟ್ಟಿಗೆ ಹಾಕಬೇಡ, ಹತ್ತು ಹಾಕಿ ಹತ್ತು ಇಟ್ಟುಕೊ. ಬಿಚ್ಚಿದ ಮೇಲೆ ಕೈ ತೊಳೆದುಕೊ, ಹೇಳಿಲ್ಲ ಅನ್ನಬೇಡ.

ಇಂತಿ ನಿನ್ನ,
ಕಣ್ಣುಜ್ಜಿಕೊಂಡವನು